ಗೋತ್ರ ಬೇರೆಯಾದರೆ ಸಾಕೇ?

ಮದುವೆಯ ಮಾತು ಬಂದೊಡನೆ ನಮ್ಮ ಮನೆಗಳಲ್ಲಿ ಹಿರಿಯರು ಮೊದಲು ವಿಚಾರಿಸುವುದು ಗೋತ್ರವನ್ನು, ಬೆಡಗನ್ನು. ಅವೆರಡೂ ಒಂದೇ ಆಗಿದ್ದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ಆದರೆ ಅಕ್ಕನ ಮಗಳನ್ನು ತಮ್ಮನಿಗೆ ತಂದುಕೊಳ್ಳುವ ಮಾತಾದರೆ ಯಾರೂ ಹೆಚ್ಚು ವಿಚಾರಿಸುವುದಿಲ್ಲ. “ಗೋತ್ರ ಬೇರೆ, ಮನೆತನ ಗೊತ್ತಿದ್ದದ್ದೇ, ಹುಡುಗಿ ಕಣ್ಣ ಮುಂದೆ ಬೆಳೆದವಳು, ಇನ್ನೇನು ನೋಡುವುದು?” ಎಂದು ವೀಳ್ಯ ಹಿಡಿದುಬಿಡುತ್ತಾರೆ. ಗೋತ್ರ ಬೇರೆಯಾದ ಮಾತ್ರಕ್ಕೆ ರಕ್ತ ಬೇರೆಯಾಗುವುದಿಲ್ಲ ಎಂಬುದನ್ನು ಶ್ರೀಮಠದ ಸದ್ಭಕ್ತರ ಮುಂದೆ ಸ್ಪಷ್ಟವಾಗಿ ಇಡುವುದು ಈ ಬರಹದ ಉದ್ದೇಶ.

ಇದು ಎಲ್ಲೋ ಅಪರೂಪಕ್ಕೆ ನಡೆಯುವ ಸಂಗತಿಯಲ್ಲ. 2019-21ರಲ್ಲಿ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಸುಮಾರು ನಾಲ್ಕು ಮದುವೆಗಳಲ್ಲಿ ಒಂದು ರಕ್ತಸಂಬಂಧದೊಳಗಿನದು. 1955ರ ಹಿಂದೂ ವಿವಾಹ ಕಾಯ್ದೆಯು ವೀರಶೈವ-ಲಿಂಗಾಯತರಿಗೂ ಅನ್ವಯಿಸುತ್ತದೆ. ಸೋದರಮಾವ ಮತ್ತು ಸೋದರಸೊಸೆಯ ಮದುವೆಯನ್ನು ಅದು ನಿಷಿದ್ಧ ಸಂಬಂಧಗಳ ಪಟ್ಟಿಯಲ್ಲಿಯೇ ಸೇರಿಸಿದೆ. ಆದರೆ ರೂಢಿಯಲ್ಲಿದ್ದರೆ ನಡೆಯಬಹುದೆಂಬ ವಿನಾಯಿತಿಯನ್ನೂ ಕೊಟ್ಟಿದೆ. ಎಂದರೆ ಕಾನೂನು ಈ ವಿಷಯವನ್ನು ನಮ್ಮ ರೂಢಿಗೆ ಬಿಟ್ಟಿದೆ. ಆದ್ದರಿಂದ ವಿವೇಚಿಸುವ ಹೊಣೆ ನಮ್ಮ ಮೇಲೆಯೇ ಇದೆ.

ವಿವೇಚಿಸಲು ಜೀವಶಾಸ್ತ್ರದ ಒಂದೆರಡು ಮೂಲಪಾಠಗಳು ತಿಳಿದಿರಬೇಕು. ನಮ್ಮ ದೇಹ ಜೀವಕೋಶಗಳಿಂದ ಆಗಿದೆ. ವಯಸ್ಕರ ದೇಹದಲ್ಲಿ ಇವುಗಳ ಸಂಖ್ಯೆ ಸುಮಾರು 30 ಲಕ್ಷ ಕೋಟಿಗೂ ಅಧಿಕ. ಕೆಲವನ್ನು ಬಿಟ್ಟರೆ ಪ್ರತಿಯೊಂದು ಕೋಶದ ನಡುವೆಯೂ ಒಂದು ಕೋಶಕೇಂದ್ರವಿದ್ದು, ಅದರೊಳಗೆ 46 ವರ್ಣತಂತುಗಳು 23 ಜೋಡಿಗಳಾಗಿ ಇರುತ್ತವೆ. ಪ್ರತಿ ಜೋಡಿಯಲ್ಲಿ ಒಂದು ತಾಯಿಯಿಂದ ಬಂದದ್ದು, ಇನ್ನೊಂದು ತಂದೆಯಿಂದ ಬಂದದ್ದು. ಈ ತಂತುಗಳ ಮೇಲೆ ದೇಹದ ರಚನೆಗೂ ಕೆಲಸಕ್ಕೂ ಬೇಕಾದ ಸೂಚನೆಗಳು ಬರೆದಂತಿರುತ್ತವೆ. ಅಂಥ ಒಂದೊಂದು ಸೂಚನೆಯನ್ನು ವಂಶವಾಹಿ ಎನ್ನುತ್ತಾರೆ. ಮನುಷ್ಯನಲ್ಲಿ ಇವು ಸುಮಾರು 20,000. ಪ್ರತಿಯೊಂದಕ್ಕೂ ನಮ್ಮಲ್ಲಿ ಎರಡು ಪ್ರತಿಗಳು ಇರುತ್ತವೆ. ಒಂದು ಪ್ರತಿ ಕೆಟ್ಟಿದ್ದರೂ ಇನ್ನೊಂದು ಸರಿಯಿದ್ದರೆ ಎಷ್ಟೋ ವೇಳೆ ದೇಹದ ಕೆಲಸ ಸಾಗುತ್ತದೆ. ದೋಷ ಒಳಗೆ ಅಡಗಿರುತ್ತದೆ, ಹೊರಗೆ ಕಾಣುವುದಿಲ್ಲ.

ಈ ಅಡಗಿರುವ ಗುಣದ ಗುಟ್ಟನ್ನು ಮೊದಲು ಲೆಕ್ಕ ಹಾಕಿ ತೋರಿಸಿದವರು ಒಂದು ಮಠದ ಸನ್ಯಾಸಿ ಎಂಬುದು ನಮ್ಮ ಓದುಗರಿಗೆ ಸಂತೋಷದ ಸಂಗತಿ. ಇಂದಿನ ಚೆಕ್ ದೇಶದ ಬ್ರನೋ ನಗರದ ಕ್ರೈಸ್ತ ಮಠದಲ್ಲಿದ್ದ ಗ್ರೆಗರ್ ಮೆಂಡೆಲ್ ಅವರು 1856ರಿಂದ ಸುಮಾರು ಎಂಟು ವರ್ಷ ಮಠದ ತೋಟದಲ್ಲಿ ಬಟಾಣಿ ಬೆಳೆದರು. ದುಂಡು ಕಾಳಿನ ಗಿಡವನ್ನೂ ಸುಕ್ಕು ಕಾಳಿನ ಗಿಡವನ್ನೂ ಕೂಡಿಸಿದಾಗ ಮೊದಲ ಪೀಳಿಗೆಯಲ್ಲಿ ಎಲ್ಲವೂ ದುಂಡಾದ ಕಾಳುಗಳೇ ಬಂದವು. ಸುಕ್ಕು ಮಾಯವಾಯಿತೆಂದೇ ತೋರುತ್ತಿತ್ತು. ಆದರೆ ಆ ಗಿಡಗಳು ತಮ್ಮೊಳಗೇ ಕೂಡಿ ಕೊಟ್ಟ ಮುಂದಿನ ಪೀಳಿಗೆಯಲ್ಲಿ 5,474 ಕಾಳುಗಳು ದುಂಡಾಗಿಯೂ 1,850 ಕಾಳುಗಳು ಸುಕ್ಕಾಗಿಯೂ ಬಂದವು. ಹೆಚ್ಚುಕಡಿಮೆ ಮೂರಕ್ಕೆ ಒಂದು. ಸುಕ್ಕು ಎಲ್ಲಿಯೂ ಹೋಗಿರಲಿಲ್ಲ, ಅಡಗಿತ್ತು. ಎರಡೂ ಕಡೆಯಿಂದ ಅದೇ ಅಡಗಿದ ಗುಣ ಬಂದು ಸೇರಿದಾಗ ಹೊರಗೆ ಕಾಣಿಸಿಕೊಂಡಿತು. 1866ರಲ್ಲಿ ಅಚ್ಚಾದ ಆ ಬರಹದ ಬೆಲೆ ಜಗತ್ತಿಗೆ ತಿಳಿದದ್ದು 1900ರಲ್ಲಿ. ಆ ವೇಳೆಗೆ ಮೆಂಡೆಲ್ ಅವರು ತೀರಿಕೊಂಡು ಹದಿನಾರು ವರ್ಷಗಳಾಗಿದ್ದವು.

ಈಗ ಗೋತ್ರದ ಮಾತಿಗೆ ಬರೋಣ. ಗೋತ್ರ ನಡೆದುಬರುವುದು ತಂದೆಯ ಕಡೆಯಿಂದ ಮಾತ್ರ. ಅಕ್ಕನ ಮಗಳ ಗೋತ್ರ ಅವಳ ತಂದೆಯದು. ಸೋದರಮಾವನ ಗೋತ್ರ ಅವನ ತಂದೆಯದು. ಆದ್ದರಿಂದ ಇಬ್ಬರ ಗೋತ್ರವೂ ಬೇರೆ. ಆದರೆ ವಂಶವಾಹಿ ತಂದೆ ತಾಯಿ ಇಬ್ಬರಿಂದಲೂ ಸಮವಾಗಿ ಬರುತ್ತದೆ. ಅಕ್ಕ ತಮ್ಮಂದಿರು ಒಂದೇ ತಂದೆತಾಯಿಯ ಮಕ್ಕಳಾದ್ದರಿಂದ ಅವರ ವಂಶವಾಹಿಗಳಲ್ಲಿ ಸರಾಸರಿ ಅರ್ಧ ಪಾಲು ಒಂದೇ ಮೂಲದ್ದು. ಅಕ್ಕನ ಮಗಳಿಗೂ ಅವಳ ಸೋದರಮಾವನಿಗೂ ಕಾಲು ಪಾಲು ಒಂದೇ. ಸೋದರತ್ತೆಯ ಮಗ, ಸೋದರಮಾವನ ಮಗಳು ಇವರ ನಡುವೆ ಎಂಟರಲ್ಲಿ ಒಂದು ಪಾಲು. ಗೋತ್ರದ ಗೆರೆ ಇವರನ್ನು ಬೇರೆಯವರೆಂದು ತೋರಿಸಿದರೂ ದೇಹದ ಲೆಕ್ಕದಲ್ಲಿ ಇವರು ಅತಿ ಹತ್ತಿರದವರು. ಗೋತ್ರ ನೋಡುವುದನ್ನು ಬಿಡಿರೆಂದು ನಾನು ಹೇಳುತ್ತಿಲ್ಲ. ಅದು ಒಂದು ಕಣ್ಣಿನ ನೋಟ, ತಾಯಿಯ ಕಡೆಯನ್ನೂ ನೋಡುವ ಇನ್ನೊಂದು ಕಣ್ಣು ಬೇಕು ಎನ್ನುತ್ತಿದ್ದೇನೆ.

ಒಂದು ಮನೆಯ ಲೆಕ್ಕವನ್ನು ನೋಡಿದರೆ ವಿಷಯ ಇನ್ನಷ್ಟು ತಿಳಿಯಾಗುತ್ತದೆ. ಥಲಸ್ಸೀಮಿಯಾ ಎಂಬ ರಕ್ತದ ಕಾಯಿಲೆಯ ಒಂದು ಕೆಟ್ಟ ಪ್ರತಿ ಅಜ್ಜಿಯೊಬ್ಬರಲ್ಲಿ ಇದೆ ಎಂದುಕೊಳ್ಳಿ. ಅವರಿಗೆ ಅದರಿಂದ ತೊಂದರೆಯಿಲ್ಲ, ಅದು ಇರುವುದೂ ಗೊತ್ತಿಲ್ಲ. ಅದು ಮಗನಿಗೆ ಹೋಗಿರುವ ಸಾಧ್ಯತೆ ಎರಡರಲ್ಲಿ ಒಂದು. ಮಗಳ ಮೂಲಕ ಮೊಮ್ಮಗಳಿಗೆ ಹೋಗಿರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಆ ಮಗನಿಗೂ ಮೊಮ್ಮಗಳಿಗೂ ಮದುವೆಯಾದರೆ ಇಬ್ಬರೂ ವಾಹಕರಾಗಿರುವ ಸಾಧ್ಯತೆ ಎಂಟರಲ್ಲಿ ಒಂದು. ಇಬ್ಬರೂ ವಾಹಕರಾಗಿದ್ದರೆ ಹುಟ್ಟುವ ಪ್ರತಿ ಮಗುವಿಗೂ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಒಟ್ಟು 32ರಲ್ಲಿ ಒಂದು. ಅದೇ ಮಗ ಸಂಬಂಧವಿಲ್ಲದ ಮನೆಯಿಂದ ಹೆಣ್ಣು ತಂದರೆ? ನಮ್ಮ ದೇಶದಲ್ಲಿ ಥಲಸ್ಸೀಮಿಯಾ ವಾಹಕರು ನೂರಕ್ಕೆ ಸುಮಾರು ಮೂರು ನಾಲ್ಕು ಜನ. ಮೂವತ್ತರಲ್ಲಿ ಒಬ್ಬರೆಂದು ಹಿಡಿದರೆ ಮಗುವಿನ ಅಪಾಯ 240ರಲ್ಲಿ ಒಂದಕ್ಕೆ ಇಳಿಯುತ್ತದೆ. ಹೊರಗೆ ಇನ್ನೂ ವಿರಳವಾದ ಕಾಯಿಲೆಗಳಲ್ಲಿ ಈ ಅಂತರ ಬಹಳ ಹೆಚ್ಚು. ಹುಟ್ಟುಕಿವುಡು, ಕಣ್ಣಿನ ಅಕ್ಷಿಪಟಲ ಕ್ರಮೇಣ ಸವೆದು ದೃಷ್ಟಿ ಹೋಗುವ ಕೆಲವು ಬೇನೆಗಳು, ಮಗುವಿನ ಬುದ್ಧಿಯ ಬೆಳವಣಿಗೆಯನ್ನು ಕುಂಠಿತಗೊಳಿಸುವ ಅನೇಕ ಕಾಯಿಲೆಗಳು ಈ ದಾರಿಯಲ್ಲಿಯೇ ಬರುತ್ತವೆ.

“ನಮ್ಮ ಅಜ್ಜ ಅಜ್ಜಿಯರೂ ಹೀಗೆಯೇ ಮದುವೆಯಾದವರು, ಮಕ್ಕಳೆಲ್ಲ ಚೆನ್ನಾಗಿಯೇ ಇದ್ದರಲ್ಲ?” ಎಂದು ಕೇಳುವವರಿದ್ದಾರೆ. ಮಾತು ಸುಳ್ಳಲ್ಲ. ಸಂಬಂಧದೊಳಗೆ ಮದುವೆಯಾದವರ ಮಕ್ಕಳಲ್ಲಿ ಬಹುಪಾಲು ಆರೋಗ್ಯವಂತರೇ. ಯಾವುದೇ ದಂಪತಿಗೆ ಹುಟ್ಟುವ ನೂರು ಮಕ್ಕಳಲ್ಲಿ ಎರಡು ಮೂರು ಮಕ್ಕಳಿಗೆ ಹುಟ್ಟಿನಿಂದಲೇ ಏನಾದರೊಂದು ದೊಡ್ಡ ದೋಷವಿರುತ್ತದೆ. ಅತ್ತೆ-ಮಾವನ ಮಕ್ಕಳ ನಡುವಿನ ಮದುವೆಯಲ್ಲಿ ಇದು ಸುಮಾರು ಇಮ್ಮಡಿಯಾಗುತ್ತದೆ. ಸಂಬಂಧ ಇನ್ನೂ ಹತ್ತಿರವಾದಂತೆ ಅಪಾಯವೂ ಏರುತ್ತದೆ. ಹಿಂದೆ ಎಷ್ಟೋ ಶಿಶುಗಳು ವರ್ಷ ತುಂಬುವ ಮೊದಲೇ ತೀರಿಕೊಳ್ಳುತ್ತಿದ್ದವು. ಯಾವುದು ಜ್ವರದಿಂದ, ಯಾವುದು ಬೀಜದೋಷದಿಂದ ಎಂದು ಯಾರೂ ಬೇರ್ಪಡಿಸಿ ನೋಡುತ್ತಿರಲಿಲ್ಲ. ಸಾಂಕ್ರಾಮಿಕ ರೋಗಗಳು ಹತೋಟಿಗೆ ಬಂದಂತೆ ಉಳಿದ ಕಾರಣ ಕಣ್ಣಿಗೆ ಬೀಳತೊಡಗಿದೆ.

ಇನ್ನು ಕೆಲವರ ಮಾತಿನಲ್ಲಿ ಬದುಕಿನ ನಿಜವಿದೆ. ಆಸ್ತಿ ಹೊರಗೆ ಹೋಗುವುದಿಲ್ಲ, ವರದಕ್ಷಿಣೆಯ ಕಾಟವಿಲ್ಲ, ಅಜ್ಜಿಯೇ ಅತ್ತೆಯಾದ್ದರಿಂದ ಹುಡುಗಿ ಸುಖವಾಗಿರುತ್ತಾಳೆ ಎನ್ನುತ್ತಾರೆ. ಹೆಣ್ಣು ಹೆತ್ತವರ ಆತಂಕವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಅದೇ ಹುಡುಗಿ ಬಾಳೆಲ್ಲ ಕಾಯಿಲೆಯ ಮಗುವನ್ನು ಎತ್ತಿಕೊಂಡು ಆಸ್ಪತ್ರೆಗೆ ಅಲೆಯಬೇಕಾಗಿ ಬಂದರೆ, ಉಳಿಸಿದ ಎರಡು ಎಕರೆ ಹೊಲ ಅವಳಿಗೆ ಯಾವ ಸುಖ ಕೊಟ್ಟೀತು? ಥಲಸ್ಸೀಮಿಯಾ ತೀವ್ರವಾಗಿರುವ ಮಗುವಿಗೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ ಜೀವನಪರ್ಯಂತ ರಕ್ತ ಕೊಡಿಸಬೇಕಾಗುತ್ತದೆ.

ಇಲ್ಲಿ ಆಯುರ್ವೇದದ ಮಾತನ್ನೂ ಹೇಳಬೇಕು. ಚರಕಸಂಹಿತೆಯ ಶಾರೀರಸ್ಥಾನದ ಎರಡನೆಯ ಅಧ್ಯಾಯದ ಹೆಸರೇ ಅತುಲ್ಯಗೋತ್ರೀಯ. ಸಂತಾನದ ವಿಚಾರ ಅಲ್ಲಿ ಬೇರೆ ಗೋತ್ರದ ದಂಪತಿಯಿಂದಲೇ ಮೊದಲಾಗುತ್ತದೆ. ಮುಂದಿನ ಅಧ್ಯಾಯಗಳಲ್ಲಿ ಚರಕರು ಬೀಜ, ಬೀಜಭಾಗ, ಬೀಜಭಾಗದ ಅವಯವ ಎಂದು ವಿಂಗಡಿಸುತ್ತಾರೆ. ಬೀಜದ ಯಾವ ಭಾಗ ಕೆಡುತ್ತದೆಯೋ ಆ ಭಾಗದಿಂದ ಆಗುವ ಅಂಗ ಮಗುವಿನಲ್ಲಿ ಕೆಡುತ್ತದೆ, ಕುರುಡರ ಮಕ್ಕಳೆಲ್ಲ ಕುರುಡರಾಗದಿರುವುದಕ್ಕೂ ಇದೇ ಕಾರಣ ಎಂಬುದು ಅವರ ವಿಚಾರ. ಚರಕರು ವಂಶವಾಹಿಯನ್ನು ಕಂಡಿದ್ದರೆಂದು ನಾನು ಹೇಳಲಾರೆ. ಸೂಕ್ಷ್ಮದರ್ಶಕವಿಲ್ಲದ ಕಾಲದಲ್ಲಿ ಅವರು ಸರಿಯಾದ ಪ್ರಶ್ನೆ ಕೇಳಿದರು, ಅದೇ ದೊಡ್ಡದು. ಆ ಪ್ರಶ್ನೆಗೆ ಉತ್ತರ ಸಿಕ್ಕಿರುವಾಗ ಅದನ್ನು ಕೇಳಿಸಿಕೊಳ್ಳದಿದ್ದರೆ ಅವರ ಪರಂಪರೆಗೆ ನಾವು ಮಾಡುವ ಅಪಚಾರವಾದೀತು.

ಆದ್ದರಿಂದ ಆಯುರ್ವೇದ ವೈದ್ಯನಾಗಿಯೇ ಹೇಳುತ್ತೇನೆ. ಗರ್ಭಿಣಿಯ ಪಥ್ಯ, ಮಾಸಾನುಮಾಸಿಕ ಚರ್ಯೆ, ಹಾಲು ತುಪ್ಪ, ಮನಸ್ಸಿನ ನೆಮ್ಮದಿ ಇವೆಲ್ಲ ತಾಯಿಗೂ ಮಗುವಿಗೂ ಹಿತಕರ. ಆದರೆ ಕೆಟ್ಟ ವಂಶವಾಹಿಯನ್ನು ಸರಿಪಡಿಸುವ ಕಷಾಯವಾಗಲಿ ಲೇಹ್ಯವಾಗಲಿ ನಮ್ಮಲ್ಲಿಲ್ಲ. ಹಾಗೆಂದು ಮಾರುವವರನ್ನು ನಂಬಬೇಡಿ. ಇನ್ನೂ ಒಂದು ಎಚ್ಚರಿಕೆ: ಮಗು ಬಿಳಿಚಿಕೊಂಡಿದೆಯೆಂದು ಪಾಂಡುರೋಗಕ್ಕೆ ಕೊಡುವ ಲೋಹಾಸವ, ಮಂಡೂರ ಭಸ್ಮಗಳನ್ನು ಪರೀಕ್ಷೆಯಿಲ್ಲದೆ ಕೊಡಬೇಡಿ. ಥಲಸ್ಸೀಮಿಯಾ ಮಗುವಿನಲ್ಲಿ ಪದೇ ಪದೇ ಪಡೆದ ರಕ್ತದಿಂದಲೇ ಕಬ್ಬಿಣಾಂಶ ಹೆಚ್ಚಾಗಿ ಹೃದಯ, ಯಕೃತ್ತುಗಳಲ್ಲಿ ತುಂಬಿಕೊಳ್ಳುತ್ತದೆ. ಅದರ ಮೇಲೆ ಲೋಹದ ಔಷಧ ಕೊಟ್ಟರೆ ಹಾನಿಯಾಗುತ್ತದೆ.

ಮಗುವಿಗೆ ಇಂಥ ಕಾಯಿಲೆ ಬಂದಾಗ ಮನೆಯವರು ಮೊದಲು ಬೊಟ್ಟು ಮಾಡುವುದು ಸೊಸೆಯ ಕಡೆಗೆ. ಅವಳ ಕಾಲ್ಗುಣ ಎನ್ನುವವರುಂಟು, ಪೂರ್ವಜನ್ಮದ ಪಾಪ ಎನ್ನುವವರುಂಟು. ಮೆಂಡೆಲ್ ಅವರ ಬಟಾಣಿ ಈ ಮಾತಿಗೆ ಉತ್ತರ ಕೊಟ್ಟಿದೆ. ಅಡಗಿದ ದೋಷ ಹೊರಬೀಳಬೇಕಾದರೆ ಎರಡೂ ಕಡೆಯಿಂದ ಬರಬೇಕು. ತಾಯಿಯೊಬ್ಬಳನ್ನು ದೂರುವುದು ಅನ್ಯಾಯ ಮಾತ್ರವಲ್ಲ, ಅಸತ್ಯ.

ಬೀಜದ ಈ ನ್ಯಾಯ ನಮ್ಮ ರೈತರಿಗೂ ಕುರಿಗಾಹಿಗಳಿಗೂ ಹೊಸದಲ್ಲ. ಹಿಂಡಿನಲ್ಲಿ ಹುಟ್ಟಿದ ಟಗರನ್ನೇ ಅದೇ ಹಿಂಡಿಗೆ ಬಿಟ್ಟರೆ ಮರಿಗಳು ಸೊರಗುತ್ತವೆಂದು ತಿಳಿದವರು ಬೇರೆ ಹಿಂಡಿನಿಂದ ಟಗರು ತರುತ್ತಾರೆ. ಹೊಲದಲ್ಲಿ ಅಕ್ಕಡಿ ಸಾಲು ಹಾಕಿ ನಾಲ್ಕಾರು ಬೆಳೆ ಬೆಳೆಯುವವನಿಗೆ ಒಂದು ಬೆಳೆ ಕೈಕೊಟ್ಟರೆ ಇನ್ನೊಂದು ಉಳಿಯುತ್ತದೆ. ಐರ್ಲೆಂಡಿನ ಬಡ ರೈತರು ಬಹುಮಟ್ಟಿಗೆ ಒಂದೇ ತಳಿಯ ಆಲೂಗಡ್ಡೆಯನ್ನು ನೆಚ್ಚಿದ್ದರು. 1845ರಲ್ಲಿ ಅಂಗಮಾರಿ ರೋಗ ಬಿದ್ದಾಗ ತಡೆದು ನಿಲ್ಲುವ ಬೇರೆ ತಳಿ ಹೊಲದಲ್ಲಿರಲಿಲ್ಲ. ಮುಂದಿನ ವರ್ಷಗಳ ಕ್ಷಾಮದಲ್ಲಿ, ಆಳುವವರ ನಿರ್ಲಕ್ಷ್ಯವೂ ಸೇರಿ, ಸುಮಾರು 10 ಲಕ್ಷ ಜನ ಸತ್ತರು. ಕಾಡಾಗಲಿ ಹೊಲವಾಗಲಿ ಹಿಂಡಾಗಲಿ ವೈವಿಧ್ಯದಿಂದಲೇ ತಾಳುತ್ತದೆ. ಟಗರಿನ ವಿಷಯದಲ್ಲಿ ಇಷ್ಟು ವಿವೇಕವುಳ್ಳ ನಾವು ಮಕ್ಕಳ ವಿಷಯದಲ್ಲಿ ಅದನ್ನು ಏಕೆ ಮರೆಯುತ್ತೇವೆ?

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಹರಳಯ್ಯನವರ ಮಗನಿಗೂ ಮಧುವರಸರ ಮಗಳಿಗೂ ನಡೆದ ವಿವಾಹಕ್ಕಾಗಿ ಶರಣರು ತೆತ್ತ ಬೆಲೆ ನಮಗೆಲ್ಲ ತಿಳಿದದ್ದೇ. ಅವರ ಗುರಿ ಸಮಾನತೆ, ಜೀವಶಾಸ್ತ್ರವಲ್ಲ. ಆದರೂ ಕುಲದ ಬೇಲಿ ಕಿತ್ತ ಆ ಶರಣರ ವಾರಸುದಾರರೆನ್ನುವ ನಾವು ಒಳಪಂಗಡವನ್ನೂ ದಾಟದೆ, ಕೆಲವೊಮ್ಮೆ ಅಂಗಳವನ್ನೂ ದಾಟದೆ ಹೆಣ್ಣು ಗಂಡು ಕೂಡಿಸುತ್ತಿದ್ದೇವೆ. ಒಳಪಂಗಡಗಳ ಬೇಲಿ ಸಡಿಲವಾದರೆ ಶರಣರ ಆಶಯವೂ ನಡೆದಂತಾಗುತ್ತದೆ, ಮಕ್ಕಳ ಆರೋಗ್ಯಕ್ಕೂ ಒಳಿತಾಗುತ್ತದೆ.

ಆದ್ದರಿಂದ ನನ್ನ ಬಿನ್ನಹ ಇಷ್ಟು. ಅಕ್ಕನ ಮಗಳನ್ನು ತರುವ ರೂಢಿಯನ್ನು ಈ ತಲೆಮಾರಿಗೆ ನಿಲ್ಲಿಸೋಣ. ಅತ್ತೆ-ಮಾವನ ಮಕ್ಕಳ ಸಂಬಂಧವನ್ನೂ ಆದಷ್ಟು ಬಿಡೋಣ. ಸಂಬಂಧ ಯಾವುದೇ ಇರಲಿ, ನಿಶ್ಚಯಕ್ಕೆ ಮೊದಲು ವಧೂವರರಿಬ್ಬರೂ ಥಲಸ್ಸೀಮಿಯಾ ವಾಹಕರೇ ಎಂಬುದನ್ನು ತಿಳಿಸುವ ಎಚ್‌ಬಿ ಎ2 ರಕ್ತಪರೀಕ್ಷೆ ಮಾಡಿಸಲಿ. ಒಬ್ಬರು ಮಾತ್ರ ವಾಹಕರಾದರೆ ಭಯವಿಲ್ಲ, ಅವರ ಮಕ್ಕಳಿಗೆ ತೀವ್ರ ಥಲಸ್ಸೀಮಿಯಾ ಬರುವುದಿಲ್ಲ. ಈಗಾಗಲೇ ಸಂಬಂಧದಲ್ಲಿ ಮದುವೆಯಾದವರು ಅಪರಾಧಿಗಳಲ್ಲ, ಎದೆಗುಂದಬಾರದು. ಮಕ್ಕಳಾಗುವ ಮೊದಲೇ ವಂಶವಾಹಿ ತಜ್ಞರ ಸಲಹೆ ಪಡೆಯಲಿ. ಗರ್ಭ ನಿಂತ ಮೊದಲ ತಿಂಗಳುಗಳಲ್ಲಿಯೇ ಇಂಥ ಕೆಲವು ಕಾಯಿಲೆಗಳನ್ನು ಪತ್ತೆ ಮಾಡಬಹುದು. ಹೆಣ್ಣೋ ಗಂಡೋ ಎಂದು ನೋಡುವುದು ಅಪರಾಧ, ಕಾಯಿಲೆಯ ಪರೀಕ್ಷೆಗೆ ಕಾನೂನಿನ ಅನುಮತಿಯಿದೆ. ಹುಟ್ಟಿದ ಕೂಡಲೇ ಮಗುವಿನ ಕಿವಿಯ ಪರೀಕ್ಷೆ ಮಾಡಿಸಲಿ. ಬೇಗ ತಿಳಿದರೆ ಕಿವುಡು ಮಗುವಿಗೂ ಮಾತು ಕಲಿಸಬಹುದು.

ಶ್ರೀಮಠಗಳು ನಡೆಸುವ ಸಾಮೂಹಿಕ ವಿವಾಹಗಳ ಅರ್ಜಿಯಲ್ಲಿ ವಯಸ್ಸಿನ ದಾಖಲೆಯ ಜೊತೆಗೆ “ವಧೂವರರು ರಕ್ತಸಂಬಂಧಿಗಳೇ? ರಕ್ತಪರೀಕ್ಷೆ ಆಗಿದೆಯೇ?” ಎಂಬ ಎರಡು ಸಾಲುಗಳು ಸೇರಲಿ ಎಂದು ಪೂಜ್ಯರ ಪಾದಗಳಲ್ಲಿ ಅರಿಕೆ ಮಾಡಿಕೊಳ್ಳುತ್ತೇನೆ. ವೈದ್ಯನ ಮಾತು ಒಂದು ಮನೆಯನ್ನು ತಲುಪಬಹುದು, ಮಠದ ಮಾತು ನೂರಾರು ಹಳ್ಳಿಗಳನ್ನು ತಲುಪುತ್ತದೆ. ಗೋತ್ರ ಕೇಳುವ ಹಿರಿಯರ ನಾಲಿಗೆಯ ಮೇಲೆ ಈ ಎರಡು ಪ್ರಶ್ನೆಗಳೂ ಬಂದು ನಿಂತರೆ ಮುಂದೆ ಹುಟ್ಟಲಿರುವ ಎಷ್ಟೋ ಮಕ್ಕಳು ನೋವಿನಿಂದ ಪಾರಾಗುತ್ತಾರೆ.