ಅಜ್ಜಿಯ ಎಂಜಲು ಮತ್ತು ನನ್ನ ಪಾಠಯೋಜನೆ

ಹುಣಸೂರು ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ಹತ್ತನೇ ತರಗತಿಗೆ ಅನುವಂಶೀಯತೆಯ ಪಾಠ ಮಾಡುತ್ತಿದ್ದೆ. ಆಸಕ್ತಿ ಹುಟ್ಟಿಸಲೆಂದು 2024ರ ವೈದ್ಯಕೀಯ ನೊಬೆಲ್ ಪ್ರಶಸ್ತಿಯ ವಿಷಯ ಸೇರಿಸಿದೆ. ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರವ್‌ಕುನ್ ಪುಟ್ಟ ಹುಳುವೊಂದರಲ್ಲಿ ಕಂಡ ಮೈಕ್ರೋಆರ್‌ಎನ್‌ಎ ಸುಮಾರು 22 ನ್ಯೂಕ್ಲಿಯೊಟೈಡ್‌ಗಳ ತುಣುಕು; ವಂಶವಾಹಿಯ ಸಂದೇಶ ಪ್ರೋಟೀನ್ ಆಗದಂತೆ ಅದು ತಡೆಯುತ್ತದೆ. ಬಾಯಿ ಕ್ಯಾನ್ಸರ್‌ನಲ್ಲಿ ಇದರ ಪ್ರಮಾಣ ಏರುಪೇರಾಗುವುದರಿಂದ ‘ಎಂಜಲಿನಿಂದಲೇ ಕ್ಯಾನ್ಸರ್ ಪತ್ತೆ ಮಾಡುತ್ತಾರೆ’ ಎಂದುಬಿಟ್ಟೆ.

ಹಿಂದಿನ ಬೆಂಚಿನ ಹುಡುಗ ಎದ್ದ. “ಮಿಸ್, ನಮ್ಮಜ್ಜಿಗೆ ಕೆನ್ನೆ ಒಳಗಡೆ ಬಿಳಿ ಮಚ್ಚೆ ಆಗೈತೆ. ನಾಳೆ ಎಂಜಲು ತರ್ಲಾ?” ತರಗತಿ ನಕ್ಕಿತು. ನಾನೂ ನಕ್ಕು ಮುಂದೆ ಹೋದೆ. ವೀಕ್ಷಣಾ ಪಟ್ಟಿಯಲ್ಲಿ ‘ಪ್ರಚಲಿತ ಜ್ಞಾನದ ಜೋಡಣೆ ಉತ್ತಮ’ ಎಂದು ಬಂತು.

ಹುಡುಗ ತಮಾಷೆಗೆ ಕೇಳಿರಲಿಲ್ಲ. ನಾನು ಸಂಶೋಧನೆಯ ಹಂತದಲ್ಲಿರುವುದನ್ನು ಆಸ್ಪತ್ರೆಯಲ್ಲಿ ಸಿಗುವ ಪರೀಕ್ಷೆಯೆಂಬಂತೆ ಹೇಳಿದ್ದೆ. ಮಿರ್-21 ಎಂಬ ಮೈಕ್ರೋಆರ್‌ಎನ್‌ಎ ಬಾಯಿ ಕ್ಯಾನ್ಸರ್‌ನಲ್ಲಿ ಏರುತ್ತದೆ, ಜೀವಕೋಶಗಳ ಬೆಳವಣಿಗೆಗೆ ಕಡಿವಾಣ ಹಾಕುವ ಪ್ರೋಟೀನ್‌ಗಳನ್ನು ತಗ್ಗಿಸುತ್ತದೆ. ಆದರೆ ಬೇರೆ ಕ್ಯಾನ್ಸರ್‌ಗಳಲ್ಲೂ, ಉರಿಯೂತದಲ್ಲೂ ಅದು ಏರುತ್ತದೆ. ಯಾವ ಮಚ್ಚೆ ಕ್ಯಾನ್ಸರ್‌ಗೆ ತಿರುಗುತ್ತದೆಂದು ಇಂಥ ಸೂಚಕಗಳಿಂದ ಮೊದಲೇ ತಿಳಿಯುವುದು ಸಂಶೋಧಕರ ಗುರಿ. ಇಂದಿಗೂ ತೀರ್ಮಾನ ಹೇಳುವುದು ಬಯಾಪ್ಸಿ.

ಹಾಗಾದರೆ ಅಜ್ಜಿಗೆ ಇಂದು ಏನಿದೆ? ಕಣ್ಣಿನ ಪರೀಕ್ಷೆ ಇದೆ. ತಿರುವನಂತಪುರ ಜಿಲ್ಲೆಯಲ್ಲಿ 1996ರಲ್ಲಿ ಶುರುವಾದ ಅಧ್ಯಯನದಲ್ಲಿ, ವೈದ್ಯರಲ್ಲದ ತರಬೇತಾದ ಕಾರ್ಯಕರ್ತರು ಮನೆಮನೆಗೆ ಹೋಗಿ ಬಾಯಿ ನೋಡಿದರು. ತಂಬಾಕು ಅಥವಾ ಮದ್ಯ ಬಳಸುವವರಲ್ಲಿ ಬಾಯಿ ಕ್ಯಾನ್ಸರ್ ಸಾವು ಸುಮಾರು ಮೂರನೇ ಒಂದರಷ್ಟು ತಗ್ಗಿತೆಂದು 2005ರಲ್ಲಿ ವರದಿಯಾಯಿತು. ನಮ್ಮಲ್ಲೂ 30 ವರ್ಷ ದಾಟಿದವರಿಗೆ ಸರ್ಕಾರದ ಬಾಯಿ ತಪಾಸಣೆ ಇದೆ. ಎರಡು ವಾರವಾದರೂ ಮಾಯದ ಹುಣ್ಣು, ಮಚ್ಚೆ ಇದೆಯೇ, ಬಾಯಿ ತೆರೆಯಲು ಕಷ್ಟವೇ ಎಂದು ಆಶಾ ಕಾರ್ಯಕರ್ತೆಯ ನಮೂನೆಯಲ್ಲೇ ಪ್ರಶ್ನೆಗಳಿವೆ.

‘ತಂಬಾಕು ಬಿಡಿ’ ಎಂದರೆ ಸಾಲದೇ ಎಂದು ಕೆಲವರು ಕೇಳಬಹುದು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಹೊಗೆಸೊಪ್ಪಿನ ಸೀಮೆ. ಎಷ್ಟೋ ಮಕ್ಕಳ ಪುಸ್ತಕ, ಬಟ್ಟೆ ಬರುವುದು ಹರಾಜು ಕಟ್ಟೆಯ ದುಡ್ಡಿನಿಂದ. ಬೆಳೆಯನ್ನೇ ಬೈದರೆ ಮಗು ಕಿವಿ ಮುಚ್ಚಿಕೊಳ್ಳುತ್ತದೆ. ಇಲ್ಲಿ ಬ್ಯಾರನ್‌ನಲ್ಲಿ ಬೇಯಿಸಿದ ಸೊಪ್ಪು ಬಹುಪಾಲು ಸಿಗರೇಟಿಗೆ ಹೋಗುತ್ತದೆ. ಅಜ್ಜಿಯ ಸಂಚಿಯಲ್ಲಿರುವುದು ಎಲೆಅಡಿಕೆ, ಕಡ್ಡಿಪುಡಿ. ಅಡಿಕೆಯೂ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಹೇಳಿದೆ. ಇದನ್ನು ಬಿಡಿಸಿ ಹೇಳುವುದು ವಿಜ್ಞಾನ ಶಿಕ್ಷಕರ ಕೆಲಸ.

ಮರುದಿನ ತರಗತಿಯಲ್ಲಿ ನನ್ನ ತಪ್ಪು ಒಪ್ಪಿಕೊಂಡೆ. ಅಜ್ಜಿಯನ್ನು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಲು ಹುಡುಗನಿಗೆ ಹೇಳಿದೆ. ಅವರು ಹೋದರೋ ಇಲ್ಲವೋ, ನನ್ನ ಅಭ್ಯಾಸ ಬೋಧನೆ ಮುಗಿಯುವವರೆಗೂ ತಿಳಿಯಲಿಲ್ಲ.

ಸಹಪ್ರಶಿಕ್ಷಣಾರ್ಥಿಗಳಲ್ಲಿ ನನ್ನ ವಿನಂತಿ: ಹೊಸ ಸಂಶೋಧನೆಯನ್ನು ಪಾಠಕ್ಕೆ ಸೇರಿಸುವಾಗ ಪಾಠಯೋಜನೆಯಲ್ಲಿ ಮೂರು ಸಾಲು ಬರೆಯೋಣ. ಖಚಿತವಾಗಿರುವುದೇನು, ಇನ್ನೂ ಪರೀಕ್ಷೆಯಲ್ಲಿರುವುದೇನು, ಮನೆಯವರು ಇಂದು ಮಾಡಬಹುದಾದದ್ದೇನು. ಗುರುಗಳಲ್ಲಿ ಇನ್ನೊಂದು: ಮಕ್ಕಳು ಕೇಳಿದ ಪ್ರಶ್ನೆ ಮತ್ತು ಪ್ರಶಿಕ್ಷಣಾರ್ಥಿ ಕೊಟ್ಟ ಉತ್ತರಕ್ಕೆ ವೀಕ್ಷಣಾ ಪಟ್ಟಿಯಲ್ಲಿ ಒಂದು ಅಂಕಣ ಇಡಿ. ಅಂಥ ಅಂಕಣವಿದ್ದಿದ್ದರೆ ನನ್ನ ಪಾಠಕ್ಕೆ ‘ಉತ್ತಮ’ ಬರುತ್ತಿರಲಿಲ್ಲ.