ಅರ್ಜಿಯ ಗಂಟೆಗಳೂ ಕೂಟಲೇಖವೂ

ಶ್ರಾವಕನ ಸತ್ಯಾಣುವ್ರತಕ್ಕೆ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಐದು ಅತಿಚಾರಗಳನ್ನು ಹೇಳುತ್ತದೆ. ಮೂರನೆಯದು ಕೂಟಲೇಖಕ್ರಿಯೆ, ಅಂದರೆ ಸುಳ್ಳನ್ನು ಬರೆದಿಡುವುದು. ಇದು ಸಾಲಪತ್ರ, ಕಡತಗಳ ಕಾಲದ ಮಾತೆಂದು ಹಲವರ ಎಣಿಕೆ. ಇಂದು ಅದು ಪಶುವೈದ್ಯ ಶಿಕ್ಷಣದ ಅರ್ಜಿಯಲ್ಲಿಯೂ ಎದುರಾಗುತ್ತದೆ.

ನಮ್ಮಲ್ಲಿ ಆ ಪದವಿಗೆ ಪ್ರವೇಶ ಪರೀಕ್ಷೆಯ ರ‍್ಯಾಂಕ್ ಮುಖ್ಯ. ಅಮೆರಿಕದಲ್ಲಿ ಅಂಕಗಳಷ್ಟೇ ಸಾಲವು. ಅಲ್ಲಿನ ಬಹುಪಾಲು ಪಶುವೈದ್ಯ ಕಾಲೇಜುಗಳು ಬಳಸುವ ವಿಎಂಸಿಎಎಸ್ ಎಂಬ ಸಾಮಾನ್ಯ ಅರ್ಜಿಯಲ್ಲಿ, ಪ್ರಾಣಿಗಳೊಡನೆ ಕಳೆದ ಕಾಲವನ್ನು ಗಂಟೆಗಳ ಲೆಕ್ಕದಲ್ಲಿ ತೋರಿಸಬೇಕು. ಪಶುವೈದ್ಯರ ಮೇಲ್ವಿಚಾರಣೆಯಲ್ಲಿ ಮಾಡಿದ್ದು ಒಂದು ವಿಭಾಗ. ದನದ ಫಾರ್ಮ್, ಕುದುರೆಲಾಯ, ಬೀದಿಪಾಲಾದ ಪ್ರಾಣಿಗಳ ಆಶ್ರಯತಾಣ ಮುಂತಾದೆಡೆ ವೈದ್ಯರಿಲ್ಲದೆ ಮಾಡಿದ ಆರೈಕೆ ಇನ್ನೊಂದು. ಈ ವಿಂಗಡಣೆ ನನಗೆ ಮೆಚ್ಚಿಗೆಯಾಯಿತು. ಸಗಣಿ ಬಾಚಿದ್ದನ್ನು ಸಗಣಿ ಬಾಚಿದ್ದೆಂದೇ ಬರೆಯಬಹುದು. ಅದಕ್ಕೆ ಚಿಕಿತ್ಸೆಯ ವೇಷ ತೊಡಿಸಬೇಕಿಲ್ಲ.

ಆದರೂ ತೊಡಿಸುವವರಿದ್ದಾರೆ. ಈಚೆಗೆ ಪರಿಚಿತರೊಬ್ಬರು ಅಮೆರಿಕದಲ್ಲಿರುವ ಮೊಮ್ಮಗಳಿಗಾಗಿ ನನ್ನಿಂದ ಇಂಗ್ಲಿಷ್ ಪತ್ರವೊಂದನ್ನು ಬರೆಸಿಕೊಳ್ಳಲು ಬಂದಿದ್ದರು. ಸಹಿ ಗೋಶಾಲೆಯವರದು. ಹುಡುಗಿ ರಜೆಯಲ್ಲಿ 12 ದಿನ, ದಿನಕ್ಕೆ 2 ಗಂಟೆ ಅಲ್ಲಿಗೆ ಹೋಗಿದ್ದಳು. ‘200 ಗಂಟೆ ಅಂತ ಹಾಕಿಬಿಡಿ ಮೇಷ್ಟ್ರೇ, ಗೋಸೇವೆ ತಾನೆ, ಪುಣ್ಯದ ಕೆಲಸ’ ಎಂದರು. ಪುಣ್ಯದ ಹೆಸರಿನಲ್ಲಿ 176 ಗಂಟೆಗಳ ಸುಳ್ಳು! 24ರ ಮೇಲೆ ಒಂದನ್ನೂ ಬರೆಯಲಾರೆನೆಂದೆ. ಅವರಿಗೆ ಬೇಸರವಾಯಿತು.

ಇದರಿಂದ ಯಾರಿಗೂ ನಷ್ಟವಿಲ್ಲವೆಂಬುದು ಅವರ ವಾದ. ನಿಜವಾಗಿ 200 ಗಂಟೆ ದುಡಿದು, ಸೀಟು ಸಿಗದೆ ಮರಳುವ ಯಾವುದೋ ಮನೆಯ ಮಗುವಿಗೆ ನಷ್ಟವಿದೆ. ಮಿಗಿಲಾಗಿ, ಆ ಹುಡುಗಿ ಮಾಡಿದ್ದೇನೆಂದು ಅಜ್ಜನೇ ವಿಚಾರಿಸಿರಲಿಲ್ಲ. ಕೇಳಿದಾಗ ತಿಳಿದದ್ದು ಇಷ್ಟು: ಪಶುವೈದ್ಯರು ಬಂದಿದ್ದ 2 ದಿನ ಕರುವಿನ ಗಾಯ ತೊಳೆಯುವಾಗ ಕಾಲು ಹಿಡಿದು ನಿಂತಿದ್ದಳು, ಉಳಿದ ದಿನ ಬಾನಿಗೆ ನೀರು ತುಂಬಿ, ಮೇವು ಹಾಕಿದ್ದಳು. ಹಾಗಾದರೆ 4 ಗಂಟೆ ಮೊದಲ ವಿಭಾಗಕ್ಕೆ, 20 ಎರಡನೆಯದಕ್ಕೆ. ಅಹಿಂಸಾಣುವ್ರತದ ಅತಿಚಾರಗಳಲ್ಲಿ ಅನ್ನಪಾನನಿರೋಧವೂ ಒಂದೆಂಬುದನ್ನು ನೆನೆದರೆ, ಹೊತ್ತಿಗೆ ಸರಿಯಾಗಿ ನೀರಿಟ್ಟ ಆ 20 ಗಂಟೆಗಳು ಕಡಿಮೆಯವೇನಲ್ಲ.

ಸೀಟಿಗಾಗಿ ಮಾಡಿದ್ದು ಸೇವೆಯೇ ಎಂದು ಮೂಗು ಮುರಿಯುವವರೂ ಉಂಟು. ಫಲಾಪೇಕ್ಷೆ ನಿದಾನಶಲ್ಯವೆಂಬುದು ದಿಟ. ಆದರೆ ಕಲಿಯುವ ಮಕ್ಕಳ ವಿಷಯದಲ್ಲಿ ನಾನು ಅಷ್ಟು ಕಠಿಣನಾಗಲಾರೆ. ನೀರು ಕುಡಿದ ಹಸುವಿನ ದಾಹವಂತೂ ತಣಿದಿದೆ. ಸೇವೆಯ ರುಚಿ ಆಮೇಲೆ ಹತ್ತಿದರೂ ಹತ್ತೀತು. ಮಾಡದ್ದನ್ನು ಮಾಡಿದೆನೆಂದು ಬರೆದಲ್ಲಿ ಹಸುವಿಗೆ ನೀರೂ ಇಲ್ಲ.

ಇಂಥ ಅರ್ಜಿ ಸಲ್ಲಿಸಲಿರುವ ಮಕ್ಕಳು ಆಯಾ ದಿನ ಸಂಜೆಯೇ ಒಂದು ನೋಟುಪುಸ್ತಕದಲ್ಲಿ ತಾರೀಖು, ಸ್ಥಳ, ಮಾಡಿದ ಕೆಲಸ, ಹಿಡಿದ ಹೊತ್ತು, ಜೊತೆಗಿದ್ದ ಹಿರಿಯರ ಹೆಸರು ಇಷ್ಟನ್ನು ಗುರುತಿಟ್ಟುಕೊಳ್ಳಲಿ. ಪಶುವೈದ್ಯರು ಬಂದಿದ್ದ ದಿನಗಳಿಗೆ ಬೇರೆ ಪುಟವಿರಲಿ.