ಮನೆಗೆ ಯಜಮಾನಿ ಯಾರು?

ಅತ್ತೆ-ಸೊಸೆ ಜಗಳ ನ್ಯಾಯಬೆಲೆ ಅಂಗಡಿ ಹುಟ್ಟುವ ಮೊದಲೇ ಇತ್ತು. ಅದನ್ನು ಸರ್ಕಾರವೇ ತಂದಿತೆಂದರೆ ಸರ್ಕಾರಕ್ಕೆ ಇಲ್ಲದ ದೊಡ್ಡಸ್ತಿಕೆ ಕೊಟ್ಟಂತಾದೀತು. ಆದರೆ ಒಳಗೊಳಗೇ ಹೊಗೆಯಾಡುತ್ತಿದ್ದುದನ್ನು ಹೊಸಿಲಿನಾಚೆಗೆ ತಂದು ನಿಲ್ಲಿಸಿದ್ದು ಗೃಹಲಕ್ಷ್ಮಿ ಎಂಬ ಮಾತಿನಲ್ಲಿ ಹುರುಳಿದೆ.

2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಯೋಜನೆಗೆ ಚಾಲನೆ ಸಿಕ್ಕಿತು. ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ, ನೇರ ಆಕೆಯ ಬ್ಯಾಂಕ್ ಖಾತೆಗೆ. ಯಾರು ಆ ಯಜಮಾನಿ? ಅರ್ಜಿ ಶುರುವಾಗುವ ಮೊದಲೇ ಎಷ್ಟೋ ಮನೆಗಳಲ್ಲಿ ಈ ಪ್ರಶ್ನೆ ಎದ್ದಿತ್ತು. ಅತ್ತೆಯೇ ಯಜಮಾನಿ, ಆಕೆ ಪ್ರೀತಿಯಿಂದ ಸೊಸೆಗೂ ಕೊಟ್ಟರೆ ಅಡ್ಡಿಯಿಲ್ಲ ಎಂಬರ್ಥದಲ್ಲಿ ಇಲಾಖೆಯ ಸಚಿವರೇ ಸಮಜಾಯಿಷಿ ಕೊಡಬೇಕಾಗಿ ಬಂತು. ಪ್ರೀತಿಯಿದ್ದ ಮನೆಗೆ ಆ ಸಮಜಾಯಿಷಿ ಬೇಕಿರಲಿಲ್ಲ, ಇಲ್ಲದ ಮನೆಯಲ್ಲಿ ಅದು ನಡೆಯಲಿಲ್ಲ.

ನಿಜ ಹೇಳಬೇಕೆಂದರೆ ತೀರ್ಮಾನ 2023ರದ್ದಲ್ಲ. 2013ರ ಆಹಾರ ಭದ್ರತಾ ಕಾಯ್ದೆಯೇ, ಹದಿನೆಂಟು ತುಂಬಿದ ಹೆಂಗಸರಲ್ಲಿ ಹಿರಿಯಳಾದವಳು ಪಡಿತರ ಚೀಟಿಯ ಮಟ್ಟಿಗೆ ಮನೆಯ ಮುಖ್ಯಸ್ಥೆ ಎಂದು ಬರೆದಿಟ್ಟಿದೆ. ಹತ್ತು ವರ್ಷ ಆ ಹೆಸರಿನಿಂದ ಬರುತ್ತಿದ್ದುದು ಅಕ್ಕಿ. ಅಕ್ಕಿ ಎಲ್ಲರೂ ಉಣ್ಣುವಂಥದು, ಯಾರ ಹೆಸರಿನಲ್ಲಿ ಬಂದರೇನು? ದುಡ್ಡು ಹಾಗಲ್ಲ. ಅದು ಒಬ್ಬರ ಖಾತೆಯಲ್ಲಿ ಕೂರುತ್ತದೆ.

ಸೊಸೆಯ ಕಡೆಯಿಂದ ನೋಡಿ. ಬೆಳಿಗ್ಗೆ ಐದಕ್ಕೆ ಎದ್ದು, ಒಲೆ ಹಚ್ಚಿ, ಮಕ್ಕಳಿಗೆ ಡಬ್ಬಿ ಕಟ್ಟಿ, ಗಾರ್ಮೆಂಟ್ಸಿನ ಬಸ್ಸು ಹಿಡಿಯುವವಳು ಅವಳು. “ಮನೆ ಎಳೆಯೋಳು ನಾನು, ಯಜಮಾನಿ ಅಂತ ಹೆಸರು ಮಾತ್ರ ಅವರದು” ಎಂದರೆ ಅದು ಬರೀ ಹೊಟ್ಟೆಕಿಚ್ಚಲ್ಲ. ಅತ್ತೆಯ ಕಡೆಯಿಂದ ನೋಡಿದರೆ, ಮೂವತ್ತು ವರ್ಷ ಗಂಡನ ಕೈ, ಆಮೇಲೆ ಮಗನ ಕೈ ನೋಡಿಕೊಂಡು ಬಂದ ಹೆಂಗಸಿಗೆ ಮೊದಲ ಬಾರಿಗೆ ತನ್ನ ಹೆಸರಿಗೆಂದು ನಾಲ್ಕು ಕಾಸು ಬಂದಿದೆ. ಮಾತ್ರೆಗೆ, ಎಲೆಅಡಿಕೆಗೆ ಯಾರನ್ನೂ ಕೇಳಬೇಕಿಲ್ಲ. ಅದನ್ನೂ ಸೊಸೆಯ ಕೈಗೆ ಕೊಡು ಎಂದರೆ ಯಾಕೆ ಕೊಟ್ಟಾಳು? ಇಬ್ಬರದೂ ನ್ಯಾಯವೇ. ಇಬ್ಬರೂ ಕೇಳುತ್ತಿರುವುದು ಮರ್ಯಾದೆ, ಆದರೆ ಬಾಯಲ್ಲಿ ಬರುವುದು ದುಡ್ಡಿನ ಲೆಕ್ಕ.

ಇನ್ನು ನಡುವೆ ಒಬ್ಬ ಮಹಾರಾಯನಿದ್ದಾನೆ, ಮಗನೂ ಹೌದು ಗಂಡನೂ ಹೌದು. ಅಮ್ಮನ ಹತ್ತಿರ “ನೀನು ಕೊಡಬೇಡ ಬಿಡಮ್ಮ” ಅನ್ನುತ್ತಾನೆ, ಹೆಂಡತಿಯ ಹತ್ತಿರ “ನಾನು ಅಮ್ಮನಿಗೆ ಹೇಳಿದೀನಿ, ಸುಮ್ನಿರು” ಅನ್ನುತ್ತಾನೆ. ಎರಡು ಮಾತೂ ಸಂಜೆಯೊಳಗೆ ಅಡುಗೆಮನೆಯಲ್ಲಿ ಎದುರಾಗುತ್ತವೆ. ಆಮೇಲೆ ಇಬ್ಬರಿಗೂ ಮಾತಿಲ್ಲ. “ನಿಮ್ಮಜ್ಜಿಗೆ ಊಟಕ್ಕೆ ಬಾ ಅನ್ನು” ಎಂದು ಆರು ವರ್ಷದ ಮಗು ಟಪಾಲಿನವನಾಗುತ್ತದೆ. ಮೂರು ಮಾರು ದೂರದಲ್ಲಿ ಕೂತ ಅಜ್ಜಿ ಎಲ್ಲ ಕೇಳಿಸಿಕೊಂಡೂ ಮಗು ಬಂದು ಹೇಳುವ ತನಕ ಏಳುವುದಿಲ್ಲ. ಅದೇ ಮಗು ಮುಂದೆ ಅಪ್ಪನ ಸುದ್ದಿ ಅಮ್ಮನಿಗೆ, ಅಮ್ಮನ ಸುದ್ದಿ ಅಜ್ಜಿಗೆ ಮುಟ್ಟಿಸಿ ಬಿಸ್ಕತ್ತಿಗೆ ಕಾಸು ಗಿಟ್ಟಿಸುವುದನ್ನೂ ಕಲಿಯುತ್ತದೆ.

ಸಂಶಯಕ್ಕೆ ಇನ್ನೊಂದು ಬಾಗಿಲು ಮೊಬೈಲ್ ಫೋನು. ಖಾತೆ ಅತ್ತೆಯದು, ಬ್ಯಾಂಕಿಗೆ ಕೊಟ್ಟ ನಂಬರು ಮಗನದು. ದುಡ್ಡು ಬಂದ ಮೆಸೇಜು ಅವನ ಜೇಬಿನಲ್ಲಿ. ಕಂತು ಒಂದೊಂದು ಸಲ ತಿಂಗಳುಗಟ್ಟಲೆ ತಡವಾಗಿದೆ, ಒಮ್ಮೊಮ್ಮೆ ಹಿಂದಿನದೂ ಸೇರಿ ಬಂದಿದೆ. ಖಜಾನೆಯಲ್ಲಿ ಆದ ತಡ, ಮನೆಯಲ್ಲಿ “ಅವನೇ ತೆಗೆದುಕೊಂಡು ಅವಳಿಗೆ ಕೊಟ್ಟಿದ್ದಾನೆ” ಎಂದಾಗುತ್ತದೆ. ಪಾಸ್‌ಬುಕ್ ತೆಗೆದುಕೊಂಡು ಹೋಗಿ ಎಂಟ್ರಿ ಹಾಕಿಸಿ, ಜಗಲಿಯಲ್ಲಿ ಎಲ್ಲರ ಮುಂದೆ ಓದಿದರೆ ಅರ್ಧ ಜಗಳ ಅಲ್ಲೇ ಮುಗಿಯುವಂಥದು. ಆದರೆ ಲೆಕ್ಕ ಕೇಳಿದರೆ ಕಳ್ಳ ಅಂದಹಾಗೆ ಎಂದು ಕೇಳುವುದಿಲ್ಲ, ಹೇಳಿದರೆ ಸಣ್ಣವನಾದೆ ಎಂದು ಹೇಳುವುದಿಲ್ಲ.

ಕೆಲವರು ಕಾರ್ಡು ಬೇರೆ ಮಾಡಿಸಲು ಓಡಾಡಿದರು. ಒಂದೇ ಒಲೆಗೆ ಎರಡು ಕಾರ್ಡು! ಅದು ಆಗುವ ಮಾತಲ್ಲವೆಂದಾಗ ಒಲೆಯನ್ನೇ ಎರಡು ಮಾಡುವ ಮಾತು ಬಂತು. ಅಲ್ಲಿಂದ ಪಾಲುಪಟ್ಟಿ, ವಕೀಲರು, ಕೋರ್ಟು.

ಅಲ್ಲಿಗೆ ಹೋದರೂ ಮೊದಲು ಕೂತು ಮಾತಾಡಿ ಎಂದೇ ಹೇಳುತ್ತಾರೆ ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ. 1984ರ ಕೌಟುಂಬಿಕ ನ್ಯಾಯಾಲಯ ಕಾಯ್ದೆಯ ಪ್ರಕಾರ ನ್ಯಾಯಾಧೀಶರು ಮೊದಲು ರಾಜಿಗೆ ಪ್ರಯತ್ನಿಸಬೇಕು. ಹೆತ್ತವರ ಪೋಷಣೆಯ 2007ರ ಕಾಯ್ದೆಯಲ್ಲೂ ನ್ಯಾಯಮಂಡಳಿ ಪ್ರಕರಣವನ್ನು ರಾಜಿ ಅಧಿಕಾರಿಗೆ ಒಪ್ಪಿಸಬಹುದು. ಆದರೆ ಹೊಡೆತ, ಉಪವಾಸ ಕೆಡವುವುದು, ಮನೆಯಿಂದ ಹೊರಗೆ ಹಾಕುವುದು ಇದ್ದಲ್ಲಿ “ಹೊಂದಿಕೊಂಡು ಹೋಗಮ್ಮ” ಎಂಬ ಉಪದೇಶ ಅನ್ಯಾಯ. ಅಲ್ಲಿ 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಿದೆ, 181 ಸಹಾಯವಾಣಿಯಿದೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕುವ ಹಿರೀಕರಿಂದಲೇ ಎಷ್ಟೋ ಮನೆ ಕೆಟ್ಟಿದೆ.

ಎಲ್ಲ ಮನೆಯ ಕಥೆಯೂ ಹೀಗೇ ಅಲ್ಲ. 2024ರಲ್ಲಿ ಗದಗ ಜಿಲ್ಲೆಯ ಗಜೇಂದ್ರಗಡದ ಅತ್ತೆ-ಸೊಸೆ ಇದೇ ಗೃಹಲಕ್ಷ್ಮಿ ದುಡ್ಡು ಕೂಡಿಟ್ಟು ಹೊಲದಲ್ಲಿ ಕೊಳವೆಬಾವಿ ತೋಡಿಸಿದ್ದು ರಾಜ್ಯಕ್ಕೆಲ್ಲ ಸುದ್ದಿಯಾಯಿತು. ನೀರು ಬಂದುದನ್ನು ಎಲ್ಲರೂ ಬರೆದರು. ಅದಕ್ಕೂ ಮೊದಲು ಆ ದುಡ್ಡು ಯಾವುದಕ್ಕೆಂದು ಇಬ್ಬರೂ ಒಂದು ಕಡೆ ಕೂತು ಮಾತಾಡಿರಲೇಬೇಕು, ಅದರ ಫೋಟೋ ಯಾರೂ ತೆಗೆಯಲಿಲ್ಲ.

ಗ್ರಾಮ ಒನ್ ಕೇಂದ್ರಗಳ ಮುಂದೆ ಮಾತ್ರ ಕ್ಯೂ ಇನ್ನೂ ಇದೆ. ಕಂತು ಬಂತೇ ಎಂದು ಕೇಳಲು ಅತ್ತೆ ಬೆಳಿಗ್ಗೆ ಬರುತ್ತಾಳೆ, ಅದನ್ನೇ ಕೇಳಲು ಸೊಸೆ ಮಧ್ಯಾಹ್ನ ಬರುತ್ತಾಳೆ. ಕಂಪ್ಯೂಟರ್ ಹುಡುಗ ಇಬ್ಬರಿಗೂ ಅದೇ ಉತ್ತರ ಕೊಟ್ಟು ಕಳಿಸುತ್ತಾನೆ.